ಕಿಟಕಿಯ ಬಿಸಿಲಿಗಿಟ್ಟ ರಕ್ತ

ಅಣ್ಣನ ರಕ್ತದಲ್ಲಿ ಸಕ್ಕರೆ ಐವತ್ತೆರಡು ಎಂದು ಬರೆದ ವರದಿಯ ಕೆಳಗೆ ಇದ್ದದ್ದು ನನ್ನದೇ ಸಹಿ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅಣ್ಣ ಕ್ರೇನ್ ಓಡಿಸುವವನು. ವರ್ಷಕ್ಕೊಮ್ಮೆ ಅವನ ಕಂಪನಿಯವರ ರಕ್ತ ಪರೀಕ್ಷೆ ನಾನು ಕೆಲಸ ಮಾಡುವ ಲ್ಯಾಬಿನಲ್ಲೇ ಆಗುತ್ತದೆ. ಸಕ್ಕರೆ ಅಷ್ಟು ಇಳಿದವನು ಅಷ್ಟೆತ್ತರದಲ್ಲಿ ತಲೆ ತಿರುಗಿ ಬಿದ್ದಾನು ಎಂದು ಅವನನ್ನು ಕೆಳಗಿಳಿಸಿ, ಗೇಟಿನ ಬಳಿ ಸ್ಟೂಲು ಹಾಕಿ ಕೂರಿಸಿದರು. ಹತ್ತೊಂಬತ್ತು ವರ್ಷದಲ್ಲಿ ಒಂದು ಇಟ್ಟಿಗೆಯನ್ನೂ ಬೀಳಿಸದವನು ಬಂದವರ ಗಾಡಿ ನಂಬರ್ ಬರೆದುಕೊಳ್ಳುತ್ತಿದ್ದ.

"ನಂಗೇನೂ ಆಗಿಲ್ಲ ಕಣೇ. ಅವತ್ತು ಕೆಟ್ಟ ಗಾಡೀನ ಎರಡು ಬೀದಿ ತಳ್ಕೊಂಡು ಬಂದು ರಕ್ತ ಕೊಟ್ಟೆ. ಐವತ್ತೆರಡು ಇದ್ದೋನು ತಳ್ತಾನಾ?" ಎಂದ.

ತಳ್ಳಲಾರ. ಮಾರನೆಯ ಬೆಳಿಗ್ಗೆ ಲ್ಯಾಬಿನಿಂದ ದೂರ, ಪೇಟೆಯಲ್ಲಿ ರಕ್ತ ತೆಗೆಯಲೆಂದೇ ಇರುವ ನಮ್ಮ ಕೋಣೆಗೆ ಹೋಗಿ ನೋಡಿದೆ. ಕಿಟಕಿಯ ಕಟ್ಟೆಯ ಮೇಲೆ, ಬಿಸಿಲಿಗೆ, ಟ್ಯೂಬುಗಳು ಸಾಲಾಗಿ ನಿಂತಿದ್ದವು. ನಲವತ್ತು ತುಂಬುವವರೆಗೆ ಲ್ಯಾಬಿಗೆ ವ್ಯಾನು ಹೊರಡಕೂಡದು ಎಂಬುದು ಮ್ಯಾನೇಜರರ ಕಟ್ಟಪ್ಪಣೆ. ಎಂಟಕ್ಕೆ ತೆಗೆದ ರಕ್ತ ಯಂತ್ರಕ್ಕೆ ಬರುವಾಗ ಮಧ್ಯಾಹ್ನ ಮೂರು. ಎಲ್ಲವಕ್ಕೂ ಕೆಂಪು ಮುಚ್ಚಳ. ಸಕ್ಕರೆ ಪರೀಕ್ಷೆಯ ಬೂದು ಮುಚ್ಚಳದವು ಮುಗಿದು ಎರಡು ತಿಂಗಳಾಗಿತ್ತಂತೆ.

ಟ್ಯೂಬಿಗೆ ಬಿದ್ದ ಮಾತ್ರಕ್ಕೆ ರಕ್ತ ಸಾಯುವುದಿಲ್ಲ. ಅದರ ಕೆಂಪು ಕಣಗಳಿಗೆ ಬದುಕಲು ಶಕ್ತಿ ಬೇಕು. ಒಳಗಿರುವ ಕಿಣ್ವಗಳು ಸಕ್ಕರೆಯನ್ನು ಒಂದರ ಕೈಯಿಂದ ಒಂದಕ್ಕೆ ದಾಟಿಸುತ್ತ, ಹತ್ತು ಹಂತಗಳಲ್ಲಿ ಮುರಿದು, ಆ ಶಕ್ತಿಯನ್ನು ಒದಗಿಸುತ್ತಲೇ ಇರುತ್ತವೆ. ಬಿಸಿಲು ತಾಗಿದರೆ ಇನ್ನೂ ಚುರುಕು. ಬೂದು ಮುಚ್ಚಳದ ಟ್ಯೂಬಿನ ತಳದಲ್ಲಿ ಚಿಟಿಕೆ ಫ್ಲೋರೈಡ್ ಪುಡಿ ಇರುತ್ತದೆ. ಅದು ಆ ಸಾಲಿನ ಒಂದು ಕಿಣ್ವದ ಕೈ ಕಟ್ಟಿಹಾಕಿದರೆ ಇಡೀ ಸಾಲು ನಿಲ್ಲುತ್ತದೆ. ಇದು ಮೊದಲ ವರ್ಷದ ಪಾಠ. ಆದರೂ ನಾನು ಮುಚ್ಚಳದ ಬಣ್ಣವನ್ನಾಗಲಿ ರಕ್ತ ತೆಗೆದ ಹೊತ್ತನ್ನಾಗಲಿ ನೋಡದೆ ಸಹಿ ಗೀಚಿದ್ದೆ.

ಅಣ್ಣನನ್ನು ಬೆಳಿಗ್ಗೆ ಎಂಟಕ್ಕೆ ಆ ಕೋಣೆಗೇ ಕರೆಸಿ ಎರಡು ಕೆಂಪು ಟ್ಯೂಬು ತುಂಬಿಸಿದೆ. ಒಂದನ್ನು ಆಗಲೇ ಲ್ಯಾಬಿಗೆ ಒಯ್ದು ಪರೀಕ್ಷಿಸಿದೆ: ಎಂಬತ್ತೆಂಟು. ಇನ್ನೊಂದನ್ನು ಮೂರು ಗಂಟೆಯವರೆಗೆ ಅದೇ ಕಿಟಕಿಯಲ್ಲಿಟ್ಟೆ: ಐವತ್ನಾಲ್ಕು. ಎರಡೂ ಫಲಿತಾಂಶದ ಚೀಟಿಗಳನ್ನು ಮ್ಯಾನೇಜರರ ಮೇಜಿನ ಮೇಲಿಟ್ಟೆ.

"ಆಯ್ತು ಮೇಡಂ, ನಿಮ್ಮಣ್ಣನ ರಿಪೋರ್ಟ್ ಸರಿಮಾಡಿ ಕಳಿಸೋಣ," ಎಂದರು. "ಉಳಿದೋರದ್ದು ಕೆದಕೋಕೆ ಹೋಗ್ಬೇಡಿ. ಯಾರೂ ಬಂದು ಕೇಳಿಲ್ವಲ್ಲ."

"ಯಾಕ್ ಕೇಳ್ತಾರೆ ಸಾರ್? ನೂರೈವತ್ತು ಇದ್ದೋರಿಗೆ ತೊಂಬತ್ತು ಅಂತ ಬರ್ದು ಕೊಟ್ಟಿದೀವಿ. ಖುಷಿಯಾಗಿ ಮನೆಗೆ ಹೋಗಿದಾರೆ."

ಅವರು ಫೋನ್ ಎತ್ತಿಕೊಂಡು ಬಾಗಿಲ ಕಡೆ ಕೈ ತೋರಿಸಿದರು. ನನಗೆ ಮೇಜನ್ನೇ ಎತ್ತಿ ಬಿಸಾಡುವಷ್ಟು ಸಿಟ್ಟು ಬಂತು.

ಸೋಮವಾರ ಅಣ್ಣ ಮತ್ತೆ ಕ್ರೇನ್ ಹತ್ತಿದ. "ನಂದು ಸರಿಹೋಯ್ತಲ್ಲ, ಇನ್ನು ಬಿಟ್ಬಿಡು. ನಿನ್ ಕೆಲಸಕ್ಕೇ ಸಂಚಕಾರ ಬರುತ್ತೆ," ಎಂದ.

ಬರಲಿ. ಎರಡು ತಿಂಗಳ ರಿಜಿಸ್ಟರ್ ತೆಗೆದು ಮೊದಲ ನಂಬರಿಗೆ ಫೋನ್ ಮಾಡಿದೆ. ವಯಸ್ಸಾದ ಒಬ್ಬ ಟೈಲರಮ್ಮ ಎತ್ತಿಕೊಂಡರು. ಲ್ಯಾಬಿನಿಂದ ಎಂದ ಕೂಡಲೇ ಅವರ ದನಿ ಅರಳಿತು.

"ನಿಮ್ ಬಾಯಿಗೆ ಸಕ್ಕರೆ ಹಾಕ ಕಣಮ್ಮಾ," ಎಂದು ನಕ್ಕರು. "ನಾರ್ಮಲ್ ಬಂತಲ್ಲ, ಡಾಕ್ಟ್ರು ಶುಗರ್ ಮಾತ್ರೇನೇ ನಿಲ್ಲಿಸ್ಬಿಟ್ರು."