ಹಡಗಿಗೆ ಇಟ್ಟ ಎಡೆ

ನಮ್ಮ ಮನೆಯಲ್ಲಿ ಪಕ್ಷದ ಹಬ್ಬಕ್ಕೆ ಸತ್ತ ಹಿರಿಯರಿಗೆಲ್ಲ ಎಡೆ ಇಡುತ್ತಾರೆ, ನಾಗಯ್ಯನಿಗೆ ಮಾತ್ರ ಇಡುವುದಿಲ್ಲ. ಮದುವೆಯಾಗಿ ಸೋಮನಹಳ್ಳಿಗೆ ಬಂದ ವರ್ಷ, ಅಷ್ಟು ಜನರಿಗೆ ಬೇಯಿಸಿ ಸುಸ್ತಾಗಿದ್ದ ನಾನು, ಯಾರು ಈ ನಾಗಯ್ಯ, ಅವನ ಹೆಸರಲ್ಲಿ ಪೆಟ್ಟಿಗೆಯೊಳಗೆ ಹೊಸ ಪಂಚೆ ಯಾಕಿದೆ ಎಂದು ಕೇಳಿದೆ. ಅತ್ತೆ ಸಣ್ಣತಾಯಮ್ಮ ಹೇಳಿದ್ದು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಾಗಯ್ಯ ನನ್ನ ಗಂಡನ ಮುತ್ತಾತನ ಮುತ್ತಾತ. ಕಂದಾಯದ ಬಾಕಿಗೆ ಎತ್ತು ಹೊಡೆದುಕೊಂಡು ಹೋಗಲು ಬಂದ ಸರ್ಕಾರದ ಆಳಿನ ತಲೆ ಒಡೆದನಂತೆ. ಬೇಡಿ ಹಾಕಿ ಮದರಾಸಿನವರೆಗೆ ನಡೆಸಿಕೊಂಡು ಹೋಗಿ ಹಡಗು ಹತ್ತಿಸಿದರು. ಆಮೇಲೆ ಸುದ್ದಿಯಿಲ್ಲ. ಸತ್ತ ಸುದ್ದಿ ಬಾರದವನಿಗೆ ಎಡೆ ಇಟ್ಟರೆ ಬದುಕಿರುವವನನ್ನು ನಾವೇ ಕೊಂದಂತೆ. ಹಾಗಾಗಿ ಅವನ ಹೆಂಡತಿ ಇಡಲಿಲ್ಲ. ಬಂದರೆ ಉಡಲು ಇರಲಿ ಎಂದು ಪಂಚೆ ಎತ್ತಿಟ್ಟಳು. ಸೊಸೆಗೂ ಅದನ್ನೇ ಹೇಳಿ ಸತ್ತಳು. ಸೊಸೆಯಿಂದ ಸೊಸೆಗೆ ಆ ಮಾತು ಹಾಗೇ ಬಂದಿದೆ, ಹುಳ ಹೊಡೆದಾಗ ಪಂಚೆ ಮಾತ್ರ ಹೊಸದಾಗುತ್ತದೆ.

ಇನ್ನೂರು ವರ್ಷ ಯಾರು ಬದುಕಿರುತ್ತಾರೆ ಎಂದು ನಾನು ಪ್ರತಿ ಹಬ್ಬಕ್ಕೂ ರೇಗುತ್ತಿದ್ದೆ. ಅತ್ತೆಗೂ ಅದು ಗೊತ್ತಿಲ್ಲದ್ದೇನಲ್ಲ. ಆದರೆ ತಾವೇ ಅವನನ್ನು ಸಾಯಿಸಿದವರಾಗಲು ಅವರಿಗೆ ಧೈರ್ಯವಿರಲಿಲ್ಲ.

ಈ ಸಲ ಅತ್ತೆ ಹಾಸಿಗೆ ಹಿಡಿದು ಎದ್ದಿದ್ದರು. ತಾವು ಕಣ್ಣು ಮುಚ್ಚುವುದರೊಳಗೆ ಅವನು ಈ ಮನೆಯ ಒಂದು ತುತ್ತು ಉಣ್ಣಬೇಕು ಅನ್ನುವುದೊಂದೇ ಹಂಬಲ. ನಿನ್ನ ಕಾಲಕ್ಕೆ ಅವನನ್ನು ಯಾರು ನೆನೆಯುತ್ತಾರೆ ಎಂದು ನನ್ನನ್ನು ಚುಚ್ಚಿದರು. ಮಾತು ನಿಜವಾಗಿದ್ದರಿಂದ ನನಗೆ ಮೈಯೆಲ್ಲ ಉರಿಯಿತು.

ಹಬ್ಬದ ದಿನ ಮಗಳು ರಂಜಿತ ಮದ್ದೂರಿನಲ್ಲಿ ಬಸ್ಸಿಳಿದು ಬಂದಳು. ಮೈಸೂರಿನಲ್ಲಿ ಇತಿಹಾಸದ ಸಂಶೋಧನೆ ಮಾಡುತ್ತಾಳೆ. ನಾಗಯ್ಯನಿಗೆ ಬೇಡಿ ಹಾಕಿದ ವರ್ಷ ಮದರಾಸಿನಿಂದ ಕಡಲಾಚೆಯ ಪಿನಾಂಗ್ ದ್ವೀಪಕ್ಕೆ ಕೈದಿಗಳನ್ನು ಒಯ್ದದ್ದು ಒಂದೇ ಹಡಗು, ಹೆಸರು ಮೇರಿಯಾನ್ ಗ್ರೇಸ್ ಎಂದಳು. ಕೈದಿಗಳು ಏನಾದರೋ ಯಾರೂ ಬರೆದಿಲ್ಲ, ಹಡಗಿನ ಜಾತಕ ಮಾತ್ರ ಪೂರ್ತಿ ಸಿಕ್ಕಿದೆಯಂತೆ. ವಡೆ ತಟ್ಟುತ್ತಲೇ ಕಿವಿ ಕೊಟ್ಟೆ.

ಕಲ್ಕತ್ತೆಯಲ್ಲಿ ತೇಗದ ಮರದಿಂದ ಕಟ್ಟಿದ ಹಡಗು. ಮೂರು ಕಂಬ, ಅವುಗಳ ತುಂಬ ಹಾಯಿಬಟ್ಟೆ. ಮೊದಲು ಅಕ್ಕಿ ಹೊತ್ತಿತು, ಬಟ್ಟೆಗೆ ಹಾಕುವ ನೀಲಿ ಹೊತ್ತಿತು. ವ್ಯಾಪಾರ ಕುಸಿದಾಗ ಯಜಮಾನರು ಅದನ್ನು ಕೈದಿಗಳ ಸಾಗಣೆಗೆ ಬಾಡಿಗೆಗೆ ಬಿಟ್ಟರು. ಮೂಟೆ ಇಡುತ್ತಿದ್ದ ಕತ್ತಲಲ್ಲೇ ಮನುಷ್ಯರನ್ನು ಸರಪಳಿ ಹಾಕಿ ಕೂರಿಸಿದರು. ವಾಪಸು ಬರುವಾಗ ಅದೇ ಜಾಗಕ್ಕೆ ಅಡಿಕೆ ತುಂಬಿದರು.

ಅತ್ತೆ ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

“ವಾಪಸ್ ಬತ್ತಿತ್ತಾ?”

“ಬತ್ತಿತ್ತು ಕಣಜ್ಜಿ, ಎಷ್ಟೋ ಸಲ.”

“ಅಡ್ಕೆಗೆ ಜಾಗ ಇತ್ತು, ಅವ್ನೊಬ್ಬುನ್ಗೆ ಇರ್ನಿಲ್ವಾ?”

ರಂಜಿತ ಅಜ್ಜಿಯ ಪಕ್ಕಕ್ಕೆ ಸರಿದು ಕೂತಳು. ಮುದಿಯಾದ ಮೇಲೆ ಹಡಗು ಕಲ್ಲಿದ್ದಲು ಹೊತ್ತಿತು, ಕೊನೆಗೆ ಬರ್ಮಾದ ಕಡಲಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆಯಿತು, ಜನರೆಲ್ಲ ದೋಣಿ ಹತ್ತಿ ಉಳಿದರು, ಅದೊಂದೇ ಮುಳುಗಿತು ಎಂದು ಮೆಲ್ಲಗೆ ಮುಗಿಸಿದಳು.

ಈಗ ಅತ್ತೆ ಆ ಹಡಗಿಗೆ ಬಾಯಿಗೆ ಬಂದಂತೆ ಶಾಪ ಹಾಕುತ್ತಾರೆ ಎಂದುಕೊಂಡೆ. ಅವರು ಕೇಳಿದ್ದೇ ಬೇರೆ. ಅದು ಮುಳುಗಿದ್ದು ಖಂಡಿತವೇ, ಕಣ್ಣಾರೆ ಕಂಡವರಿದ್ದರೇ ಎಂದು. ಇದ್ದರು ಎಂದಳು ಮಗಳು.

“ಅಂಗಾರೆ ಅದ್ಕೊಂದು ಎಲೆ ಆಕ್ರವ್ವ. ಅದೇನ್ ತಾನಾಗ್ ಓಯ್ತಾ? ಅವ್ರ್ ನಡ್ಸುದ್ರು, ನಡೀತು. ನಮ್ ನಾಗಯ್ಯನಂಗೇ.”

ಹಡಗಿಗೆ ಎಡೆ ಇಡುವ ಪದ್ಧತಿ ಯಾವ ಊರಲ್ಲಿದೆ ಎಂದು ನನ್ನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಹಿರಿಯರ ಸಾಲಿನ ಕೊನೆಗೆ ಇನ್ನೊಂದು ಎಲೆ ಹಾಸಿ ಎಲ್ಲರಂತೆ ಬಡಿಸಿದೆ. ಅತ್ತೆ ಗೋಡೆ ಹಿಡಿದುಕೊಂಡು ಹೋಗಿ ಪೆಟ್ಟಿಗೆ ತೆಗೆದು, ನಾಗಯ್ಯನ ಪಂಚೆ ತಂದು ಅದರ ಮುಂದಿಟ್ಟರು. ಇದ್ಯಾಕೆ ಎಂದೆ. ಬಟ್ಟೆ ಕಟ್ಟಿಕೊಂಡೇ ಓಡುತ್ತಿತ್ತಲ್ಲ, ಗಾಳಿಗೆ ಹರಿದಿರುತ್ತದೆ ಎಂದರು.

ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚುವ ಹೊತ್ತಾಯಿತು. ಅತ್ತೆ ಆ ಎಲೆಗೆ ಕೈಮುಗಿದರು.

“ಉಂಡ್ಕಂಡು ಓಗವ್ವ. ಓಗಿ ಅವುನ್ನ ಕರ್ಕಂಡ್ ಬಾ.”

ಯಾರೂ ಹೇಳದಿದ್ದರೂ ನಾನು ಮತ್ತೆ ಒಳಗೆ ಹೋಗಿ, ಆ ಎಲೆಗೆ ಇನ್ನೊಂದು ಮುದ್ದೆ ಇಟ್ಟು ಬಂದು ಬಾಗಿಲು ಎಳೆದುಕೊಂಡೆ.