ಹುಡೇ ಮೇಲಿನಿಂದ ತೆಗೆದ ಫೋಟೋ

ಎಂಬತ್ತೇಳನೆಯ ಇಸವಿಯ ಜನವರಿ. ಎಳ್ಳಮಾಸಿ ಹಬ್ಬ ಮುಗಿದು ಬಿಳಿಜೋಳ ತೆನೆ ಹಿಡಿದಿತ್ತು. ಗುಲ್ಬರ್ಗಾದಿಂದ ಬಂದ ಪ್ರಮಿಲಾ ಅತನೂರಿನ ಕಟ್ಟೆಯ ಮೇಲೆ ಫೋಟೋಗಳನ್ನು ಹರಡಿಕೊಂಡು ಕೂತಿದ್ದಳು. ಹಳ್ಳಿಯವರ ಕಣ್ಣಿಗೆ ಯಾವ ನೆಲ ಚಂದ ಕಾಣುತ್ತದೆ ಎಂಬುದು ಅವಳ ಸಂಶೋಧನೆಯ ವಿಷಯ. ಎಲ್ಲರನ್ನೂ ಎಲ್ಲ ಕಡೆ ಕರೆದೊಯ್ಯುವುದು ಆಗದ ಮಾತು. ಫೋಟೋ ತೋರಿಸಿದರೆ ಜಾಗವನ್ನೇ ತೋರಿಸಿದಂತೆ ಎಂದು ಗುರುಗಳು ಹೇಳಿಕೊಟ್ಟಿದ್ದರು. ಕರಜಗಿಯ ಕಬ್ಬು, ಭೀಮೆಯ ದಂಡೆ, ಮಾದನಹಿಪ್ಪರಗಾದ ಉತ್ತ ಎರೆಹೊಲ, ಎಲ್ಲವೂ ಅಲ್ಲಿದ್ದವು. ಬಂದವರೆಲ್ಲ ಹಸಿರು ಕಬ್ಬಿನ ಮೇಲೆ ಬೆರಳಿಟ್ಟು ಹೋಗುತ್ತಿದ್ದರು.

ಸಾಬವ್ವ ಮಾತ್ರ ಜೋಳದ ಬಯಲಿದ್ದ ಬೇರೊಂದನ್ನು ಎತ್ತಿಕೊಂಡಳು. ಮದುವೆಯಾಗಿ ಬಂದಂದಿನಿಂದ ಈ ಊರ ಹೊಲಗಳಲ್ಲಿ ಬಗ್ಗಿ ಕಳೆ ತೆಗೆದ ಹೆಂಗಸು.

"ಇದ್ಯಾವ ದೇಶದ್ರಿ ಅಕ್ಕೋರೆ?"

"ನಿಮ್ಮೂರೇ ಅದರಿ. ಹೋದ ವಾರ ಹುಡೇ ಮ್ಯಾಲಿಂದ ತೆಗೆದೀನಿ."

ಹುಡೇ ಎಂದರೆ ಊರ ನಡುವಿನ ಹಳೆಯ ಕಾವಲು ಗೋಪುರ. ಸಾಬವ್ವ ನಂಬಲಿಲ್ಲ. "ನಮ್ಮೂರು ಇಷ್ಟ್ ದೊಡ್ಡದಿಲ್ಲ ಬಿಡ್ರಿ."

ಪಕ್ಕದಲ್ಲಿದ್ದ ಗೆಳತಿ ಖಾಸೀಂಬಿ ಬಗ್ಗಿ ನೋಡಿದಳು. "ನಮ್ಮೂರೇ ಬೇ. ದರ್ಗಾದ ಬೇವಿನ ಗಿಡ ಕಾಣವಲ್ದೇನು?"

"ಹಂಗಾದ್ರ ಕಣ್ಣಾರೆ ನೋಡಿ ಹೇಳ್ತೇನಿ," ಎಂದು ಸಾಬವ್ವ ಫೋಟೋ ಕೆಳಗಿಟ್ಟಳು.

"ನೀವು ಒಮ್ಮೆನೂ ಹತ್ತಿಲ್ಲೇನ್ರಿ?"

"ಹತ್ತಬ್ಯಾಡ ಅಂದವರಿಲ್ಲ. ಬಾ ಅಂದವರೂ ಇಲ್ಲ."

ಪ್ರಮಿಲಾ ಎದ್ದಳು. ಮೂವರೂ ಹೋದರು. ಒಳಗೆ ಕತ್ತಲು, ಬಾವಲಿ ವಾಸನೆ, ಸವೆದ ಮೆಟ್ಟಿಲು. ಸಾಬವ್ವ ಕಚ್ಚೆ ಬಿಗಿದು, ಪ್ರಮಿಲಾಳ ಮುಂಗೈ ಹಿಡಿದು ಹತ್ತಿದಳು. ಮೇಲೆ ಬಂದೊಡನೆ ಗಾಳಿ ಸೆರಗನ್ನು ಎಳೆಯಿತು.

ನಾಲ್ಕೂ ದಿಕ್ಕಿಗೆ ಜೋಳ. ಗಾಳಿ ಬೀಸಿದತ್ತ ತೆನೆಗಳೆಲ್ಲ ಒಮ್ಮೆಲೇ ಬಾಗಿ ಬೆಳ್ಳಗಾಗುತ್ತಿದ್ದವು. ಆ ಬಿಳುಪು ಹೊಲದಿಂದ ಹೊಲಕ್ಕೆ ಹರಿದು ಆಕಾಶದ ಅಂಚಿನವರೆಗೂ ಹೋಗುತ್ತಿತ್ತು. ಆಚೆ ಒಂದು ಮೋಡದ ನೆರಳು ಸದ್ದಿಲ್ಲದೆ ನೆಲ ದಾಟುತ್ತಿತ್ತು.

ಸಾಬವ್ವ ಗೋಡೆ ಹಿಡಿದು ನಿಂತಳು. ಒಂದೊಂದೇ ದಿಕ್ಕಿಗೆ ತಿರುಗಿ ನೋಡಿದಳು. ಕೊನೆಗೆ ಮೆಲ್ಲಗೆ, "ಇದರಾಗೇ ಇದ್ನೇನ್ರಿ ನಾ ಇಷ್ಟ್ ದಿನ?" ಎಂದಳು.

ಹೋದ ವಾರ ಪ್ರಮಿಲಾ ಇದೇ ಜಾಗದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಕ್ಯಾಮೆರಾದ ಕಿಂಡಿಯಲ್ಲಿ ಹಿಡಿಸಿದಷ್ಟನ್ನೇ ನೋಡಿ ಇಳಿದು ಹೋಗಿದ್ದಳು. ಈಗ ಎರಡೂ ಕಣ್ಣು ತೆರೆದು ನೋಡಿದಳು.

"ಯಾವುದು ಚಂದ ಅಂತ ಬರ್ಕೋಳ್ರಿ ಅಕ್ಕೋರೆ," ಖಾಸೀಂಬಿ ನೆನಪಿಸಿದಳು.

"ಆಮ್ಯಾಲೆ ಬರಿತೀನಿ, ತಡೀರಿ."

ಸುದ್ದಿ ಓಣಿ ಓಣಿಗೆ ಹಬ್ಬಿತು. ಮಧ್ಯಾಹ್ನದ ಹೊತ್ತಿಗೆ ಹುಡೇ ಬಾಗಿಲಲ್ಲಿ ಹೆಂಗಸರ ಗುಂಪು. ಪ್ರಮಿಲಾ ಆ ದಿನ ಬಸ್ಸಿಗೆ ಹೋಗಲಿಲ್ಲ. ಫೋಟೋ ನೋಡಿ ಹೇಳಿದ್ದನ್ನೂ ಮೇಲೇರಿ ಹೇಳಿದ್ದನ್ನೂ ಬೇರೆ ಬೇರೆ ಬರೆದುಕೊಳ್ಳಲು ಉಳಿದಳು. ಆದರೆ ಮೇಲೇರಿದವರ ಪುಟ ಹೆಚ್ಚುಕಡಿಮೆ ಖಾಲಿಯೇ ಉಳಿಯಿತು. ಕತ್ತಲ ಮೆಟ್ಟಿಲುಗಳಲ್ಲಿ ನಗು, ಗದರಿಕೆ, ಬಳೆ ಸದ್ದು. ಬೆಳಕಿಗೆ ಕಾಲಿಟ್ಟೊಡನೆ ಒಬ್ಬೊಬ್ಬರದೇ ಮಾತು ನಿಲ್ಲುತ್ತಿತ್ತು.