ಮಾವನ ಕಿವಿ, ನನ್ನ ಬಾಯಿ

ನಾನು ಹೇಳುವ ಕಥೆಗಳಲ್ಲಿ ಅರ್ಧ ಸುಳ್ಳು, ಉಳಿದರ್ಧ ಆ ಸುಳ್ಳಿಗೆ ಹಾಕಿದ ಒಗ್ಗರಣೆ ಎಂದು ನನ್ನ ಹೆಂಡತಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಇದು ಮಾತ್ರ ಅಪ್ಪಟ ನಿಜ. ಸಾಕ್ಷಿಗೆ ಒಂದು ಸ್ಲೇಟು ಇದೆ. ನಮ್ಮ ಹಜಾರದ ಗೋಡೆಯಲ್ಲಿ, ಮದುವೆಯ ಫೋಟೊಗಿಂತ ಒಂದು ಗೇಣು ಎತ್ತರದಲ್ಲಿ ತೂಗುತ್ತಿದೆ.

ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ, ನಲವತ್ತು ವರ್ಷ ವಿಮಾನದ ಎಂಜಿನ್ ಬಿಚ್ಚಿ ಜೋಡಿಸಿದ ಫಿಟ್ಟರ್. ನಿವೃತ್ತರಾದ ಮೇಲೂ ವಾರದಲ್ಲಿ ನಾಲ್ಕು ದಿನ ಹಳೆಯ ಯುದ್ಧವಿಮಾನಗಳ ವರ್ಕ್‌ಶಾಪಿನಲ್ಲೇ ಅವರ ಬಿಡಾರ. ವರ್ಷಕ್ಕೊಮ್ಮೆ ಅಲ್ಲಿ ಪ್ರದರ್ಶನ. ಮಹಾಯುದ್ಧ ಕಂಡ ಐದು ವಿಮಾನಗಳು ಅವತ್ತು ಮತ್ತೆ ಆಕಾಶ ಕಾಣುತ್ತವೆ. ಮೈಕು ಹಿಡಿದು ಜನಕ್ಕೆ ವಿವರಣೆ ಕೊಡುವವನು ನಾನು. ವೃತ್ತಿಯಲ್ಲಿ ಕಾಲೇಜು ಮೇಷ್ಟ್ರು, ಪ್ರವೃತ್ತಿಯಲ್ಲಿ ಬಾಯಿಬಡುಕ. ಕೆಟ್ಟು ನಿಂತ ಸ್ಕೂಟರಿನಿಂದ ಹಿಡಿದು ನಮ್ಮ ಪ್ರಿನ್ಸಿಪಾಲರ ಕೆಮ್ಮಿನವರೆಗೆ ಎಂಥ ಸದ್ದನ್ನೂ ಬಾಯಲ್ಲೇ ಎಬ್ಬಿಸಬಲ್ಲೆ. ಮಾವನಿಗೆ ವಿಮಾನ, ನನಗೆ ಸನ್ಮಾನ, ಇಬ್ಬರ ಮೇಲೂ ಅತ್ತೆಗೆ ಅನುಮಾನ. ನಮ್ಮ ಸಂಸಾರ ಹೀಗೆ ಸುಖವಾಗಿ ಸಾಗಿತ್ತು.

ಆ ವರ್ಕ್‌ಶಾಪಿನಲ್ಲಿ ಮಾವನದೇ ಒಂದು ಪದ್ಧತಿ. ಪ್ರದರ್ಶನದ ಬೆಳಿಗ್ಗೆ ಪ್ರತಿಯೊಂದು ವಿಮಾನದ ಎಂಜಿನ್ನನ್ನೂ ಒಮ್ಮೆ ಚಾಲೂ ಮಾಡುತ್ತಾರೆ. ರೆಕ್ಕೆಯಿಂದ ಹತ್ತು ಹೆಜ್ಜೆ ಹಿಂದೆ ಒಂದು ಮರದ ಪೆಟ್ಟಿಗೆ ಬೋರಲು ಹಾಕಿ, ವಿಮಾನಕ್ಕೆ ಬೆನ್ನು ತಿರುಗಿಸಿ ಮಾವ ಕೂರುತ್ತಾರೆ. ಟೋಪಿಯನ್ನು ಕಣ್ಣಿನ ಮೇಲೆಳೆದುಕೊಂಡು, ತೊಡೆಯ ಮೇಲೆ ಸ್ಲೇಟಿಟ್ಟುಕೊಂಡು ಕೇಳುತ್ತಾರೆ. ಕೇಳಿದ್ದನ್ನು ಬಳಪದಲ್ಲಿ ಬರೆಯುತ್ತಾರೆ. ಎಂಜಿನ್ ಪೂರ್ತಿ ನಿಂತ ಮೇಲೆ ವರ್ಕ್‌ಶಾಪಿನ ಮುಖ್ಯಸ್ಥರು ಅದನ್ನು ಗಟ್ಟಿಯಾಗಿ ಓದಬೇಕು. 'ಹಾರಲಿ' ಎಂದಿದ್ದರೆ ವಿಮಾನ ಹಾರುತ್ತದೆ. ಇಲ್ಲದಿದ್ದರೆ ಇಲ್ಲ.

ಆ ವರ್ಷ ಹೊಸ ಮುಖ್ಯಸ್ಥೆ ಬಂದಿದ್ದರು. ಚುರುಕಾದ ಎಂಜಿನಿಯರು. ಮೀಟರು ತೋರಿಸದೆ ಬೆಂಕಿ ಸುಡುತ್ತದೆ ಎಂದರೂ ನಂಬುವವರಲ್ಲ. ಹಾಗಾಗಿ ವರ್ಕ್‌ಶಾಪಿನ ಹುಡುಗರೆಲ್ಲ ಬೆನ್ನ ಹಿಂದೆ ಅವರನ್ನು ಮೀಟರಮ್ಮ ಎನ್ನುತ್ತಿದ್ದರು. ಪ್ರದರ್ಶನದ ಮುನ್ನಾದಿನ ಊಟಕ್ಕೆಂದು ನಮ್ಮ ಮನೆಗೆ ಬಂದಿದ್ದಾಗ ಮಾವನ ಕಿವಿಯ ಮಾತೆದ್ದು ಅತ್ತೆ ಬಾಯಿ ಬಿಟ್ಟುಬಿಟ್ಟರು.

"ಇವ್ರ ಕಿವೀನಾ? ಕುಕ್ಕರ್ ಐದು ಸಲ ಕೂಗಿದ್ರೂ ಕೇಳ್ಸಲ್ಲ ಕಣಮ್ಮ ಇವ್ರಿಗೆ."

"ಕೇಳ್ಸುತ್ತೆ," ಎಂದರು ಮಾವ, ತಟ್ಟೆಯಿಂದ ತಲೆಯೆತ್ತದೆ. "ಎದ್ದು ಹೋಗೋಕೆ ಮನಸ್ಸು ಬರಲ್ಲ."

ಎಲ್ಲರೂ ನಕ್ಕೆವು. ಮೀಟರಮ್ಮ ನಗಲಿಲ್ಲ. "ಮೇಸ್ತ್ರಿಗಳೇ, ತಪ್ಪು ತಿಳ್ಕೋಬೇಡಿ. ಒಳಗೆ ಕೂರೋ ಪೈಲಟ್ ಜೀವದ ಪ್ರಶ್ನೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಫೈಟರ್ ಎಂಜಿನ್ ಚಾಲೂ ಮಾಡಿಸ್ತೀನಿ. ನೀವು ಹೇಳೋದು, ನನ್ನ ಮೀಟರ್ ಹೇಳೋದು, ಯಾವ್ದು ಸರಿ ಅಂತ ಎಂಜಿನ್ ಬಿಚ್ಚಿ ನೋಡೋಣ. ನಿಮ್ಮ ಕಿವಿ ಸರಿಯಿದ್ರೆ ಪೆಟ್ಟಿಗೆ ನಿಮ್ದೇ. ಇಲ್ಲಾಂದ್ರೆ ಈ ವರ್ಷದಿಂದ ಗಣ್ಯರ ಸಾಲಲ್ಲಿ ಒಂದು ಮೆತ್ತನೆ ಕುರ್ಚಿ."

"ಮೆತ್ತನೆ ಕುರ್ಚಿ ನಂಗೆ ಒಗ್ಗಲ್ಲ," ಎಂದರು ಮಾವ. "ಒಂಬತ್ತಕ್ಕೆ ಬರ್ತೀನಿ."

ಇಂಥ ದಿನ ನಾಲಿಗೆ ಮಡಚಿಕೊಂಡಿರುವುದು ಬುದ್ಧಿವಂತರ ಲಕ್ಷಣ. ನನಗೆ ಅಂಥ ಲಕ್ಷಣಗಳಿಲ್ಲ. ಮರುದಿನ ಬೆಳಿಗ್ಗೆ ಎಂಟೂವರೆಗೆ ವರ್ಕ್‌ಶಾಪಿನ ಹ್ಯಾಂಗರಿಗೆ ಹೋದಾಗ ಬಾಗಿಲ ಬಳಿಯ ಎರಡು ದೊಡ್ಡ ಸ್ಪೀಕರುಗಳು ನನ್ನ ಮೈಕಿಗೇ ಜೋಡಣೆಯಾಗಿದ್ದವು. ಫೈಟರ್ ಹೊಸದಾಗಿ ಬಣ್ಣ ಬಳಿಸಿಕೊಂಡು ಮೂಗು ಮೇಲೆತ್ತಿ ನಿಂತಿತ್ತು. ಹೊಟ್ಟೆಯಡಿಯ ತಟ್ಟೆಗೆ ಎಣ್ಣೆ ಒಂದೊಂದೇ ಹನಿಯಾಗಿ ಬೀಳುತ್ತಿತ್ತು. ಪೈಲಟ್ ನನ್ನ ಹಳೆಯ ಗೆಳೆಯ. ಅವನಿಗೊಂದು ಕಣ್ಣು ಮಿಟುಕಿಸಿ, ಮಾವನ ಹತ್ತಿರ ಹೋದೆ.

"ಮಾವ, ಎಂಜಿನ್ ಬಿಸಿ ಮಾಡ್ತಾರಂತೆ. ಒಂದ್ಸಲ ಕೇಳಿಬಿಡಿ."

ಮಾವ ಪೆಟ್ಟಿಗೆ ಬೋರಲು ಹಾಕಿದರು. ಬೆನ್ನು ತಿರುಗಿಸಿದರು. ಟೋಪಿ ಕಣ್ಣಿಗಿಳಿಯಿತು.

ನಾನು ಕಂಬದ ಮರೆಯಲ್ಲಿ ನಿಂತು ಮೈಕನ್ನು ತುಟಿಗೆ ಒತ್ತಿದೆ. ಮೊದಲು ಸ್ಟಾರ್ಟರಿನ ನರಳಾಟ. ಆಮೇಲೆ ಎರಡು ಸೀನು. ಆಮೇಲೆ ಹನ್ನೆರಡು ಸಿಲಿಂಡರ್ ಒಟ್ಟಿಗೆ ಹೊತ್ತಿಕೊಂಡ ಗುಡುಗು. ತಗಡಿನ ಛಾವಣಿ ಅದುರಿತು. ಇಷ್ಟು ಚೆನ್ನಾಗಿ ನಾನು ಹಿಂದೆಂದೂ ಮಾಡಿರಲಿಲ್ಲ. ಇದರಲ್ಲಿ ಸುಳ್ಳು ವಿನಯ ಬೇಡ. ಮಾವ ತಲೆಯನ್ನು ಒಂದಿಷ್ಟು ವಾರೆ ಮಾಡಿ, ಗಂಭೀರವಾಗಿ, ಸ್ಲೇಟಿನ ತುಂಬ ಬರೆಯತೊಡಗಿದರು. ಹುಡುಗರು ಬಾಯಿಗೆ ಚಿಂದಿಬಟ್ಟೆ ತುರುಕಿಕೊಂಡರು. ಪೈಲಟ್ ರೆಕ್ಕೆಗೆ ಜೋತುಬಿದ್ದ. ಕಡೆಗೆ ಯಾರೋ ತಡೆಯಲಾರದೆ ಕಿಸಕ್ಕೆಂದರು. ಹ್ಯಾಂಗರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಬಾಗಿಲಲ್ಲಿ ಮೀಟರಮ್ಮ ನಿಂತಿದ್ದರು.

"ಸಾಕು," ಎಂದರು. ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. "ಮನುಷ್ಯನ ಬಾಯಿಗೂ ಎಂಜಿನ್ನಿಗೂ ವ್ಯತ್ಯಾಸ ಗೊತ್ತಾಗಲಿಲ್ಲ ಅಂದ್ಮೇಲೆ ಇನ್ನೇನು ಪರೀಕ್ಷೆ? ಮೇಸ್ತ್ರಿಗಳಿಗೆ ಮುಂದಿನ ಸಾಲಲ್ಲಿ ಕುರ್ಚಿ ಹಾಕಿ."

ಮೈಕು ಕೆಳಗಿಟ್ಟು ಕಂಬದ ಮರೆಯಿಂದ ಓಡಿಬಂದೆ. ಮಾವ ತಿರುಗಿ ನೋಡಿ, ಬೈದು, ನಕ್ಕುಬಿಡುತ್ತಾರೆ ಎಂದುಕೊಂಡಿದ್ದವನು ನಾನು. ಅವರ ಪೆಟ್ಟಿಗೆಯನ್ನೇ ಕಿತ್ತುಕೊಳ್ಳುವಂತಾಗಿತ್ತು.

"ಮೇಡಂ, ತಪ್ಪು ನಂದು. ಅವ್ರದ್ದೇನೂ..."

"ನಿಮ್ಮ ತಪ್ಪು ನಿಮ್ಮದು. ನಾನು ನೋಡ್ತಿರೋದು ಅವ್ರ ಕಿವಿ."

ಮಾವ ಎದ್ದಿರಲಿಲ್ಲ. ಟೋಪಿಯನ್ನು ಹಣೆಗೆ ತಳ್ಳಿ ಗೋಡೆಯ ಗಡಿಯಾರ ನೋಡಿದರು. "ಪರೀಕ್ಷೆ ಒಂಬತ್ತಕ್ಕೆ ಅಂದಿದ್ರಲ್ಲಮ್ಮ? ಈಗಿನ್ನೂ ಎಂಟು ಮುಕ್ಕಾಲು."

ಮೀಟರಮ್ಮ ತಮ್ಮ ಕೈಗಡಿಯಾರ ನೋಡಿಕೊಂಡರು. ಗಡಿಯಾರವೂ ಒಂದು ಮೀಟರೇ. ಅದರ ಮಾತನ್ನು ಅವರು ತೆಗೆದುಹಾಕುವಂತಿರಲಿಲ್ಲ. ಮಾವ ಸ್ಲೇಟನ್ನು ಮಗುಚಿ, ಹೊಸದೊಂದು ಬಳಪ ಕೇಳಿ ತರಿಸಿಕೊಂಡರು.

ಒಂಬತ್ತಕ್ಕೆ ಸರಿಯಾಗಿ ಫೈಟರನ್ನು ಹೊರಗೆ ತಳ್ಳಿ, ಚಕ್ರಗಳಿಗೆ ಮರದ ತುಂಡು ಕೊಟ್ಟರು. ಅಸಲಿ ಎಂಜಿನ್ ಹೊತ್ತಿಕೊಂಡಿತು. ನಾನು ಕಂಠದಲ್ಲಿ ಮಾಡಿದ್ದನ್ನು ಅದು ಎದೆಗೂಡಿನಲ್ಲಿ ಮಾಡುತ್ತದೆ. ನೋಡುವವರ ಪಕ್ಕೆಲುಬು ಕೂಡ ಜೊತೆಗೆ ತಾಳ ಹಾಕುತ್ತದೆ. ಮಾವನ ಅಂಗಿ ಬೆನ್ನಿಗಂಟಿ ಪಟಪಟ ಬಡಿಯಿತು. ಅವರು ಎರಡೇ ಸಾಲು ಬರೆದರು.

ಎಂಜಿನ್ ನಿಂತಿತು. "ನನ್ನ ಮೀಟರೆಲ್ಲ ಸರಿ ತೋರಿಸ್ತಿವೆ," ಎಂದು ಹೇಳಿ ಮೀಟರಮ್ಮ ಸ್ಲೇಟು ತೆಗೆದುಕೊಂಡು ಗಟ್ಟಿಯಾಗಿ ಓದಿದರು: "ಬಲಸಾಲು, ಹಿಂದಿನಿಂದ ಎರಡನೆಯದು. ಒಂದು ಪ್ಲಗ್ ಸತ್ತಿದೆ."

ಆ ಎಂಜಿನ್ನಿನಲ್ಲಿ ಸಿಲಿಂಡರುಗಳದು ಎರಡು ಸಾಲು, ಒಂದೊಂದು ಸಿಲಿಂಡರಿಗೂ ಕಿಡಿ ಹಾರಿಸಲು ಎರಡೆರಡು ಪ್ಲಗ್. ಒಂದು ಸತ್ತರೆ ಇನ್ನೊಂದು ಮರ್ಯಾದೆ ಉಳಿಸುತ್ತದೆ, ಮೀಟರಿನ ಮುಳ್ಳು ಮಿತಿ ದಾಟುವುದಿಲ್ಲ. ಬಿಚ್ಚಿ ನೋಡಿದರು. ಹೊರಗಡೆಯದು ನೆಟ್ಟಗಿತ್ತು. ಒಳಗಡೆಯ ಪ್ಲಗ್ಗಿನ ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ತೆಳುವಾದ ಬಿರುಕು. ಮೀಟರಮ್ಮ ಅದನ್ನು ಬಿಸಿಲಿಗೆ ಹಿಡಿದು ಎರಡು ಸಲ ತಿರುಗಿಸಿದರು. ಆಮೇಲೆ ಆ ಮರದ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ಹೋಗಿ ರನ್‌ವೇ ಪಕ್ಕ, ನನ್ನ ಮೈಕಿನ ಮೇಜಿನ ಬಳಿ ಇಟ್ಟರು.

ಹನ್ನೊಂದಕ್ಕೆ ಮೈದಾನ ತುಂಬಿತ್ತು. ಮೊದಲು ಎರಡಂತಸ್ತಿನ ರೆಕ್ಕೆಯ ತರಬೇತಿ ವಿಮಾನ ಹೊಲಿಗೆ ಯಂತ್ರದಂತೆ ಟಕಟಕ ಎನ್ನುತ್ತ ಹೋಯಿತು. ಹಿಂದೆ ನಾಲ್ಕು ಎಂಜಿನ್ನಿನ ಬಾಂಬರ್, ಬಸುರಿಯ ನಡಿಗೆಯಲ್ಲಿ. ಕಡೆಗೆ ಹೊಸ ಪ್ಲಗ್ಗಿನ ಫೈಟರ್ ತಲೆಗಳ ಮೇಲೇ ಹಾದು, ಮಗ್ಗುಲು ಮಗುಚಿ, ಬಿಸಿಲಲ್ಲಿ ಹೊಟ್ಟೆ ಮಿಂಚಿಸಿ ಮೇಲಕ್ಕೆ ಹಾರಿದಾಗ ಮಕ್ಕಳು ಕಿವಿ ಮುಚ್ಚಿಕೊಂಡೇ ಕುಣಿದರು. ನಾನು ಬಿಡುವಿಲ್ಲದೆ ವರ್ಣಿಸುತ್ತಿದ್ದೆ.

ಪಕ್ಕದಲ್ಲಿ ಸ್ಲೇಟು ಹಿಡಿದು ನಿಂತಿದ್ದ ಮೀಟರಮ್ಮನತ್ತ ಮಾವ ಪೆಟ್ಟಿಗೆಯ ಮೇಲಿಂದಲೇ ಬಾಗಿದರು. "ಅಮ್ಮ, ಸ್ಲೇಟಿನ ಇನ್ನೊಂದು ಮಗ್ಗುಲು ಓದೋದು ಬಾಕಿ ಇದೆ."

"ಅದ್ಯಾವ್ದು? ಬೆಳಗಿನ ಆ ಬಾಯಿ ಎಂಜಿನ್ನಿನದಾ?" ಎಂದರು ಮೀಟರಮ್ಮ. "ಎಂಜಿನ್ ನಿಂತ ಮೇಲೆ ತಾನೇ ಓದೋ ಪದ್ಧತಿ?"

"ಇದು ನಿಲ್ಲೋ ಜಾತೀದಲ್ಲ," ಎಂದು ಮಾವ ನನ್ನತ್ತ ಗದ್ದ ಎತ್ತಿದರು. "ಓದಿಬಿಡಿ."

ಮೀಟರಮ್ಮ ಸ್ಲೇಟು ಮಗುಚಿದರು. ಒಂದು ಕ್ಷಣ ಅವರ ತುಟಿ ಒದ್ದಾಡಿತು. ನನ್ನ ಮೈಕನ್ನು ಕಿತ್ತುಕೊಂಡು, ಇಡೀ ಮೈದಾನಕ್ಕೆ ಕೇಳುವಂತೆ ಓದಿದರು:

"ಸದ್ದು ಇದೆ, ಗಾಳಿ ಇಲ್ಲ. ನಡುನಡುವೆ ಉಸಿರು ಎಳೆದುಕೊಳ್ಳುತ್ತದೆ. ಮೇಲ್ಸಾಲಿನ ಮುಂಭಾಗದಲ್ಲಿ ಒಂದು ಹಲ್ಲು ಸಡಿಲ, ಸೋರಿಕೆ. ಹಾರಾಟಕ್ಕೆ ಯೋಗ್ಯವಲ್ಲ. ನನ್ನ ಮಗಳ ಮನೆಯಲ್ಲಿ ಬಳಸಬಹುದು."

ಮೂರು ತಿಂಗಳಿಂದ ಅಲ್ಲಾಡುತ್ತಿದ್ದ ಆ ಹಲ್ಲಿನ ಸುದ್ದಿಯನ್ನು ನಾನು ಹೆಂಡತಿಗೂ ಹೇಳಿರಲಿಲ್ಲ.

ಜನ ನಕ್ಕರು. ಗಣ್ಯರ ಸಾಲಿನಲ್ಲಿ ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಮೀಟರಮ್ಮ ನಗುನಗುತ್ತಲೇ ಮೈಕನ್ನು ನನ್ನ ಕೈಗೆ ವಾಪಸ್ಸಿಟ್ಟರು. ಏನಾದರೊಂದು ಉತ್ತರ ಕೊಡೋಣವೆಂದು ಬಾಯಿ ತೆರೆದೆ. ಬಂದದ್ದು ನಗು. ಹೊಟ್ಟೆಯಿಂದ ಎದ್ದು, ಸಡಿಲ ಹಲ್ಲಿನ ಸಂದಿಯಲ್ಲಿ ಸಿಳ್ಳೆ ಹಾಕುತ್ತ, ಮೈದಾನದ ಸುತ್ತ ನೆಟ್ಟಿದ್ದ ಹದಿನಾರು ಸ್ಪೀಕರುಗಳಲ್ಲಿ ಒಟ್ಟಿಗೆ ಹೊರಬಿತ್ತು. ಆ ಹೊತ್ತಿಗೆ ಸರಿಯಾಗಿ ಫೈಟರ್ ಮತ್ತೊಮ್ಮೆ ನಮ್ಮ ತಲೆಯ ಮೇಲೇ ಹಾದುಹೋಯಿತು. ಅದರ ಸದ್ದು ಯಾರಿಗೂ ಕೇಳಿಸಲಿಲ್ಲವಂತೆ.